ಹಸಿದ ಅಪರಿಚಿತರ ಜೊತೆ ಬುತ್ತಿ ಹಂಚಿಕೊಳ್ಳುವುದು ಹೇಗೆ?

ದಾರಿಯಲ್ಲಿ ಹಸಿದು ಕೂತವರಿಗೆ ನನ್ನ ಡಬ್ಬಿಯಿಂದ ಪಾಲು ಕೊಡಬೇಕು ಅನ್ನಿಸುತ್ತದೆ, ಅವರಿಗೆ ಮುಜುಗರವೂ ಆಗಬಾರದು, ಹೊಟ್ಟೆಯೂ ಕೆಡಬಾರದು, ಏನು ಮಾಡಲಿ ಅಂತ ಕೇಳಿದ್ದೀರಿ.

ನನ್ನ ಪ್ರಕಾರ ಮುಖ್ಯವಾದದ್ದು ಒಂದೇ: ನೀವು ತುತ್ತು ಬಾಯಿಗಿಡುವ ಮೊದಲೇ ಪಾಲು ಮಾಡಿ. ತಿಂದು ಸಾಕಾಗಿ ಉಳಿದದ್ದು ಎಂಜಲು. ಮರ್ಯಾದೆಯ ಮಾತು ಹಾಗಿರಲಿ, ಬಾಯಿಗೆ ಹೋಗಿಬಂದ ಚಮಚ ಆಡಿಸಿದ ಅಡುಗೆ ಬೇಗ ಹಳಸುತ್ತದೆ. ಒಣಗಿದ ಚಮಚದಿಂದ ನಿಮ್ಮ ಪಾಲನ್ನು ಮುಚ್ಚಳಕ್ಕೆ ತೆಗೆದುಕೊಂಡು ಡಬ್ಬಿಯನ್ನು ಅವರಿಗೆ ಕೊಡಿ. ಮುಚ್ಚಳ ಅವರ ಕೈಗೆ ಹೋದರೆ ನೀರಾಗಿರುವ ಪದಾರ್ಥ ಮಡಿಲಿಗೆ ಚೆಲ್ಲುತ್ತದೆ, ಮುಜುಗರ ಇನ್ನೂ ಹೆಚ್ಚು. ಕೈ ತೊಳೆಯಲು, ಕುಡಿಯಲು ನೀರು ಮೊದಲೇ ಕೊಟ್ಟುಬಿಡಿ.

“ಊಟ ಬೇಕಾ?” ಅಂತ ಕೇಳಿದರೆ ಹಸಿದವರೂ ನಾಚಿಕೆಗೆ “ಬೇಡ” ಅಂದುಬಿಡುತ್ತಾರೆ. “ಊಟಕ್ಕೆ ಕೂರ್ತಿದ್ದೀನಿ, ಇಬ್ಬರಿಗಾಗುತ್ತೆ, ಬನ್ನಿ” ಅನ್ನಿ. ನಿಂತುಕೊಂಡು ಕೊಡಬೇಡಿ, ಸ್ವಲ್ಪ ಅಂತರ ಬಿಟ್ಟು ನೀವೂ ಕೂತುಕೊಳ್ಳಿ. ಎರಡನೇ ಸಲವೂ ಬೇಡ ಅಂದರೆ ಬಿಡಿ. ಫೋಟೋ ಅಂತೂ ತೆಗೆಯಲೇಬೇಡಿ. ಡಬ್ಬಿಯಲ್ಲಿ ಏನೇನಿದೆ ಅಂತ ಹೇಳಿ, ಒಗ್ಗದ್ದೇನಾದರೂ ಇದೆಯಾ ಕೇಳಿ: ಕಡಲೆಕಾಯಿ, ಮೊಟ್ಟೆ, ಮೀನು, ಹಾಲು ಕೆಲವರಿಗೆ ಅಪಾಯ ಮಾಡುತ್ತವೆ. ಹಲ್ಲಿಲ್ಲದವರಿಗೆ ಮೆತ್ತಗಿರುವುದನ್ನು ಮೊದಲು ಬಡಿಸಿ. ಮಕ್ಕಳಿಗಾದರೆ ಜೊತೆಗಿರುವ ದೊಡ್ಡವರನ್ನು ಕೇಳದೆ ಕೊಡಬಾರದು.

ಬೇಯಿಸಿದ ಅಡುಗೆ ತೀರಾ ತಣ್ಣಗೂ ಇಲ್ಲದೆ, ಬಿಸಿಯೂ ಇಲ್ಲದೆ, ಅಂದರೆ ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ, 2 ಗಂಟೆಗಿಂತ ಹೆಚ್ಚು ಇದ್ದರೆ ಹಂಚಬೇಡಿ. ಸುಡುಬಿಸಿಲಿನಲ್ಲಿ 1 ಗಂಟೆಯೇ ಹೆಚ್ಚು. ಅನ್ನದ ವಿಷಯದಲ್ಲಿ ಜನ ಮೋಸಹೋಗುತ್ತಾರೆ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಅನ್ನ ಆರಿ ಕೂತಾಗ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೂಸಿ ನೋಡಿದರೆ ಗೊತ್ತಾಗುತ್ತದೆ ಅಂತಲೂ ನಂಬಬೇಡಿ.

ಈಗ ನಿಜವಾಗಿ ಭಯಪಡಬೇಕಾದದ್ದು. 5 ದಿನಕ್ಕಿಂತ ಹೆಚ್ಚು ಏನೂ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸುವುದು ಪ್ರಾಣಕ್ಕೇ ಎರವಾಗಬಹುದು. ಹಠಾತ್ತನೆ ಪಿಷ್ಟ, ಸಕ್ಕರೆ ಒಳಗೆ ಹೋದಾಗ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಜೀವಕೋಶಗಳೊಳಗೆ ಸರಿದುಬಿಡುತ್ತವೆ, ಹೃದಯದ ಬಡಿತ ತಪ್ಪುತ್ತದೆ. ಹಾಗಾಗಿ “ಕೊನೆಗೆ ಊಟ ಮಾಡಿದ್ದು ಯಾವಾಗ?” ಅಂತ ಮೆಲ್ಲಗೆ ಕೇಳಿ. ಅಷ್ಟು ದಿನವಾಗಿದ್ದರೆ ಬಲವಂತ ಮಾಡದೆ, ಒಂದೆರಡು ಚಮಚಕ್ಕೆ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯುವುದೇ ಸರಿ. ಪ್ರಜ್ಞೆ ಇಲ್ಲದವರ, ಅಮಲಿನಲ್ಲಿ ತೂಗುವವರ ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಎಚ್ಚರವಿದ್ದು, ಸಕ್ಕರೆ ಕಾಯಿಲೆಗೆ ಔಷಧಿ ತಗೊಳ್ಳುವವರು ನಡುಗುತ್ತ ಬೆವರುತ್ತಿದ್ದರೆ ಊಟಕ್ಕೆ ಮೊದಲು 15 ಗ್ರಾಂನಷ್ಟು ಸಕ್ಕರೆ, ಅಂದರೆ ಮೂರು ನಾಲ್ಕು ಟೀ ಚಮಚ, ನೀರಿನಲ್ಲಿ ಕದಡಿ ಕೊಡಿ. 15 ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಮ್ಮೆ ಕೊಟ್ಟು ಆಂಬ್ಯುಲೆನ್ಸ್ ಕರೆಯಿರಿ.

ಅರ್ಧ ಆಮೇಲೆ ತಿನ್ನುತ್ತೇನೆ ಅಂತ ಎಷ್ಟೋ ಜನ ಎತ್ತಿಡುತ್ತಾರೆ. ಬೇಡ ಅನ್ನಬೇಡಿ. ಬೇಯಿಸಿದ್ದನ್ನು ಈಗಲೇ ಮುಗಿಸಲು ಹೇಳಿ, ಎತ್ತಿಡುವುದಕ್ಕೆ ಬಾಳೆಹಣ್ಣೋ ಬಿಸ್ಕತ್ತೋ ಬೇರೆಯಾಗಿ ಕೊಡಿ.