ಇದು ಯಾರ ಮನೀ ದನ?

ನೀವು ಟೆಕ್ಸಸ್‌ನಿಂದ ಕಳಿಸಿದ ಫೋಟೋ ನೋಡಿದೆ. ಎಣ್ಣೆ ಹಚ್ಚಿದ ಕಲ್ಲಿನ ಹಾಗೆ ಮಿರುಗುವ ಕರೀ ಹೋರಿ. ಕೊಂಬಿಲ್ಲ, ಕೊರಳ ಕೆಳಗೆ ಒಂದಿಷ್ಟು ಗಂಗೆದೊಗಲು, ಹೆಗಲ ಮೇಲಿನ ಡುಬ್ಬ, ಅಂದರೆ ಹಿಣಿಲು, ಇದೆಯೋ ಇಲ್ಲವೋ ಅನ್ನುವಷ್ಟು. "ಇದು ಬ್ರಾಂಗಸ್, ಕ್ರಾಸ್ ಮಾಡಿದ ಮಾಂಸದ ತಳಿ, ಇಲ್ಲಿ ಇದಕ್ಕೆ ಭಾರಿ ಹೆಸರು. ನಿಮ್ಮ ಕಡೆ ಕ್ರಾಸ್ ಅಂದರೆ ಯಾಕೆ ಮೂಗು ಮುರೀತಾರೆ?" ಅಂತ ಕೇಳಿದ್ದೀರಿ. ಮೈಸೂರಿನವರು ನೀವು, ನಮ್ಮ ಸಂತೆ ಕಂಡವರಲ್ಲ. ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಹಾವೇರಿಯಲ್ಲಿ ದನದ ಹಿಂಡಿಯ ಅಂಗಡಿ ಇಟ್ಟು 19 ವರ್ಷ ಆಯಿತು. ಹುಟ್ಟಿದ್ದು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಸೋದರಮಾವ ಇಲ್ಲಿದ್ದರು, ಅವರ ಅಂಗಡಿಗೆ ಕೈಯಾಳಾಗಿ ಬಂದವನು ಇಲ್ಲೇ ಉಳಿದೆ. ಊರವರಿಗೆ ನಾನು ಇನ್ನೂ "ಆ ಕಡೆಯಾವ". ನನ್ನ ಮಾತು ಕೇಳಿ "ಇವರ ಕನ್ನಡಾನೂ ಕ್ರಾಸ್ ಐತಿ ನೋಡ್ರಿ" ಅಂತ ನಗುತ್ತಾರೆ. ಆದರೆ ಸಂತೆಗೆ ಖಿಲಾರಿ ತಳಿಯ ಹೋರಿ ಬಂತೆಂದರೆ ನನ್ನನ್ನೇ ಕರೆಯುತ್ತಾರೆ, ಯಾಕೆಂದರೆ ಜತ್ತದ ಕಡೆ ದನ ಅಂದರೆ ಖಿಲಾರಿಯೇ.

ಮೊದಲೇ ಒಂದು ಮಾತು ಹೇಳಿ ಮುಗಿಸುತ್ತೇನೆ. ಮಾಂಸಕ್ಕೆಂದು ದನ ಸಾಕುವ ಪದ್ಧತಿ ನಮ್ಮ ರೈತರಲ್ಲಿಲ್ಲ, ಕಾನೂನೂ ಬಿಡುವುದಿಲ್ಲ. ಕರ್ನಾಟಕದಲ್ಲಿ 2021ರ ಜನವರಿಯಿಂದ ಆಕಳು, ಕರು, ಹೋರಿ, ಎತ್ತು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕಷ್ಟೇ ವಿನಾಯಿತಿ. ನನ್ನೂರು ಇರುವ ಮಹಾರಾಷ್ಟ್ರದಲ್ಲಿ ಹೋರಿ, ಎತ್ತುಗಳಿಗೆ 2015ರಲ್ಲೇ ನಿಷೇಧ ಬಂತು. ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ. ಸಂತೆಯ ಲೆಕ್ಕ ಮಾತ್ರ ಇಷ್ಟು: ದುಡಿಯದ, ಹಾಲು ಕೊಡದ ದನಕ್ಕೆ ಕೊನೆಗೊಂದು ಬೆಲೆ ಅಂತ ಇದ್ದದ್ದು ಹೋಯಿತು. ದುಡಿತ, ಹಾಲು, ಇಲ್ಲವೇ ಓಟ, ಈ ಮೂರರಲ್ಲಿ ಒಂದಕ್ಕಾದರೂ ಬಾರದ ದನವನ್ನು ಕೊಳ್ಳುವವರಿಲ್ಲ. ಕ್ರಾಸ್ ದನದ ಗಂಡುಕರು ಈ ಮೂರಕ್ಕೂ ಸಲ್ಲದೆ ಸಿಕ್ಕಿಬಿದ್ದಿದೆ.

ಹಾವೇರಿ ದನದ ಸಂತೆ ಗುರುವಾರ. ಇಲ್ಲಿ ಒಬ್ಬ ಹಳೇ ದಲಾಲಿ ಇದ್ದಾರೆ, ಎಲ್ಲರೂ ಅವರನ್ನು ಅಜ್ಜಾರು ಅನ್ನುತ್ತಾರೆ. ಅವರು ದನ ನೋಡುವ ರೀತಿ ಹೇಳುತ್ತೇನೆ ಕೇಳಿ. ಮೊದಲಿಗೆ ಹತ್ತಿರ ಹೋಗುವುದೇ ಇಲ್ಲ. ಇಪ್ಪತ್ತು ಹೆಜ್ಜೆ ದೂರ ನಿಂತು, "ನಡಸ್ರಿ" ಅನ್ನುತ್ತಾರೆ. ಅದೂ ದನ ನೀರು ಕುಡಿಯುವ ದೋಣಿಯ ನೀರು ಚೆಲ್ಲಿ ನೆಲ ಹಸಿಯಾದ ಕಡೆ. ಹಿಂದಿನ ಕಾಲು ಮುಂದಿನ ಕಾಲಿನ ಗುರುತಿನ ಮೇಲೆ ಬಿತ್ತೋ, ಅದನ್ನೂ ದಾಟಿ ಬಿತ್ತೋ, ಹ್ಞೂಂ ಅನ್ನುತ್ತಾರೆ. ಅದರ ಹಿಂದೆಯೇ ಬಿತ್ತೋ, ಚಹಾ ಕುಡಿಯಲು ಹೊರಟುಬಿಡುತ್ತಾರೆ. ಹ್ಞೂಂ ಅಂದ ಮೇಲೆ ಹತ್ತಿರ ಬಂದು ಮೂತಿ ಮುಟ್ಟುತ್ತಾರೆ. ಅದು ಬೆವರಿದಂತೆ ತಣ್ಣಗಿರಬೇಕು. ಪಕ್ಕೆಯ ಚಕ್ಕಳ ಹಿಡಿದೆಳೆದು ಬಿಡುತ್ತಾರೆ. ಬಿಟ್ಟ ಕೂಡಲೇ ಕೂಡಿಕೊಳ್ಳಬೇಕು. ಕೊಂಬಿನ ಬುಡದಲ್ಲಿ ಉಗುರಾಡಿಸಿ ಹೊಸದಾಗಿ ಕೆರೆದು ಎಣ್ಣೆ ಹಚ್ಚಿದ್ದಾರೋ ಅಂತ ನೋಡುತ್ತಾರೆ, ವಯಸ್ಸಾದ ಎತ್ತನ್ನು ಹರೆಯದ್ದು ಮಾಡುವ ಕಸುಬು ಅದು. ಬಾಯಿ ಬಿಡಿಸುವುದು ಕಟ್ಟಕಡೆಗೆ. ಕೆಳದವಡೆಯ ಮುಂದಿನ ಎಂಟು ಹಲ್ಲಿನಲ್ಲಿ ಹಾಲುಹಲ್ಲು ಬಿದ್ದು ಮೊದಲ ಜೋಡಿ ಬರುವುದು ಎರಡು, ಎರಡೂವರೆ ವರ್ಷಕ್ಕೆ. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿ. ಎಂಟೂ ಬಂದವೆಂದರೆ "ಬಾಯಿಗೂಡೈತಿ". ಮೈಮೇಲಿನ ಕೂದಲ ಸುಳಿ ನೋಡುವವರೂ ಇದ್ದಾರೆ, ಸುಳಿ ಸರಿಯಿಲ್ಲ ಅಂತ ಚಂದದ ಹೋರಿ ಬಿಟ್ಟುಹೋದವರನ್ನು ಕಂಡಿದ್ದೇನೆ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಅಜ್ಜಾರಿಗೂ ಇಲ್ಲ. ಆದರೆ ಬೆಲೆ ಇಳಿಸಲು ಬೇಕಾದಾಗ ಅವರಿಗೆ ಸುಳಿ ಕಾಣಿಸುತ್ತದೆ! ಕಡೆಗೆ ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ರೇಟು ಮಾತಾಡುತ್ತಾರೆ. ಸುತ್ತ ನಿಂತವರಿಗೆ ಮುಖ ನೋಡಿ ಊಹೆ ಮಾಡುವುದಷ್ಟೇ ಕೆಲಸ.

ಕ್ರಾಸ್ ದನದ ಮುಂದೆ ಈ ವಿದ್ಯೆ ಅರ್ಧಕ್ಕರ್ಧ ಸೋಲುತ್ತದೆ. ಖಿಲಾರಿ ಹೀಗಿರಬೇಕು, ಹಳ್ಳಿಕಾರ್ ಹೀಗಿರಬೇಕು ಅಂತ ಕಣ್ಣೊಳಗೆ ಒಂದು ಅಚ್ಚು ಇರುತ್ತದೆ, ಅದರ ಪಕ್ಕ ಎದುರಿನ ದನವನ್ನು ನಿಲ್ಲಿಸಿ ನೋಡಬಹುದು. ಜರ್ಸಿ, ಎಚ್ಚೆಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅನ್ನುವ ಪರದೇಶದ ಹಾಲಿನ ತಳಿಗಳ ವೀರ್ಯದ ಇಂಜೆಕ್ಷನ್ನಿನಿಂದ ಹುಟ್ಟಿದ್ದಕ್ಕೆ ಅಚ್ಚು ಎಲ್ಲಿಂದ ತರಬೇಕು? ಒಂದೇ ಆಕಳ ಎರಡು ಕರು, ಒಂದಕ್ಕೆ ಗುಬುಟು ಹಿಣಿಲು, ಇನ್ನೊಂದರ ಬೆನ್ನು ಮಂಚದ ಹಾಗೆ ಸಪಾಟು. ಹಲ್ಲೂ ಮೋಸ ಮಾಡುತ್ತದೆ, ಪರದೇಶದ ರಕ್ತ ಇದ್ದರೆ ಜವಾರಿ ದನಕ್ಕಿಂತ ಕೆಲವು ತಿಂಗಳು ಬೇಗ ಬರುತ್ತದೆ. ಹೀಗಾಗಿ ಕ್ರಾಸ್ ದನದ ಹತ್ತಿರ ಬಂದವರು ಬಾಯಿ ಬಿಡಿಸುವ ಮೊದಲು ಕೇಳುವ ಮಾತು ಒಂದೇ: "ಯಾರ ಮನೀದು?"

ಈ ಮಾತು ಕೇಳದೆ ಒಮ್ಮೆ ನಾನು ಕೆಟ್ಟೆ. 2016ರಲ್ಲಿ ಅಂಗಡಿ ಹಿಂದಿನ ಶೆಡ್ಡಿಗೆ ಒಂದು ಎಚ್ಚೆಫ್ ಕ್ರಾಸ್ ಆಕಳು ತಂದೆ, 58,000 ರೂಪಾಯಿ. ಕೆಚ್ಚಲು ಡೊಳ್ಳಿನಂತೆ ಬಿಗಿದಿತ್ತು, ತೊಟ್ಟಿನಿಂದ ಹಾಲು ತಾನೇ ತೊಟ್ಟಿಕ್ಕುತ್ತಿತ್ತು. ದಿನಕ್ಕೆ 16 ಲೀಟರ್ ಅಂದಿದ್ದ ಮಾರಿದವ. ಮನೆಗೆ ತಂದು ಹಿಂಡಿದರೆ ಮೊದಲ ಸಲ 11 ಲೀಟರ್ ಬಂತು. ಓಣಿಗೆಲ್ಲ ಪೇಡೆ ಹಂಚಿದೆ. ಅಂದು ಸಂಜೆ 3 ಲೀಟರ್, ಮರುದಿನ ಮುಂಜಾನೆಯೂ 3 ಲೀಟರ್. ಎರಡು ಹೊತ್ತು ಹಿಂಡದೆ ಸಂತೆಗೆ ಹೊಡೆದುಕೊಂಡು ಬಂದಿದ್ದ. ಮೇಲಾಗಿ ಒಂದು ತೊಟ್ಟು ಕೆಚ್ಚಲು ಬಾವಿನಿಂದ ಸತ್ತುಹೋಗಿತ್ತು; ಅದರ ಮೇಲೆ ಇನ್ನೊಂದು ತೊಟ್ಟಿನ ಹಾಲು ಸವರಿ ಒದ್ದೆ ಮಾಡಿಟ್ಟಿದ್ದ. ನಮ್ಮಾಕೆ ಅಂದಳು, "ಹಿಂಡಿ ಮಾರಾವ್ರಿಗೆ ಹಿಂಡೂದು ಗೊತ್ತಿಲ್ಲ." ಆ ಮಾತು ಈಗಲೂ ಅಂಗಡಿಗೆ ಬರುವ ಗಿರಾಕಿಗಳ ಬಾಯಲ್ಲಿದೆ. ಅಜ್ಜಾರು ಮಾತ್ರ ನಗಲಿಲ್ಲ. "ಆಕಳ ನೋಡಿದಿ, ಮನಿ ನೋಡಲಿಲ್ಲ" ಅಂದರು, ಅಷ್ಟೇ.

ನಿಮ್ಮ ಕಡೆಯದೂ ಬೇರೆಯೇನಲ್ಲ ಅಂತ ನೀವೇ ಬರೆದಿದ್ದರಲ್ಲಿ ಕಾಣುತ್ತದೆ. ಹರಾಜಿನಲ್ಲಿ ಕರುಗಳನ್ನು ಒಳಗೆ ಬಿಡುವಾಗ ಯಾವ ರ‍್ಯಾಂಚಿನವು ಅಂತ ಕೂಗಿ ಹೇಳುತ್ತಾರೆ, ಲಸಿಕೆ ಹಾಕಿಸಿ ತಾಯಿಯಿಂದ ಬಿಡಿಸಿ 45 ದಿನ ಆದ ಕರುಗಳಾದರೆ ಕೊಳ್ಳುವವರು ಹೆಚ್ಚು ಕೊಡುತ್ತಾರೆ. ಕ್ರಾಸ್ ಕರುವಿನ ಒಳಗೇನಿದೆ ಅಂತ ಮೇಲಿಂದ ತಿಳಿಯುವುದಿಲ್ಲ, ಆದ್ದರಿಂದ ಸಾಕಿದವನ ನಡತೆಗೆ ದುಡ್ಡು. ನಿಮ್ಮಲ್ಲಿ ಅದನ್ನು ಕಾಗದದ ಮೇಲೆ ಬರೆದಿಡುತ್ತಾರೆ, ನಮ್ಮಲ್ಲಿ ಬಾಯಿಂದ ಬಾಯಿಗೆ ದಾಟುತ್ತದೆ.

ನಮಗೂ ನಿಮಗೂ ತಿರುಗುಮುರುಗಾಗಿರುವುದು ಹಿಣಿಲಿನ ವಿಷಯ. ಇದು ಓದಿ ನಾನು ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಮ್ಮಲ್ಲಿ ಆಂಗಸ್ ಅನ್ನುವ ಕರೀ ತಳಿಯ ಹೆಸರಿನ ಸರ್ಟಿಫೈಡ್ ಆಂಗಸ್ ಬೀಫ್ ಮುದ್ರೆ ಮಾಂಸದ ಮೇಲೆ ಬೀಳಬೇಕಾದರೆ ಹಿಣಿಲು 2 ಇಂಚು ಮೀರಬಾರದಂತೆ. ಹಿಣಿಲು ಬೆಳೆದಷ್ಟೂ ನಮ್ಮ ದೇಶದ ರಕ್ತ ಹೆಚ್ಚು, ಆ ರಕ್ತ ಹೆಚ್ಚಿದಷ್ಟೂ ಮಾಂಸ ಗಡುಸು ಅನ್ನುವ ಲೆಕ್ಕ. ಆಸ್ಟ್ರೇಲಿಯಾದಲ್ಲೂ ಕೊಯ್ದ ಮೇಲೆ ಹಿಣಿಲಿನ ಎತ್ತರ ಅಳೆದೇ ದರ್ಜೆ ಕೊಡುತ್ತಾರೆ. ಅದೇ ಮುದ್ರೆಗೆ ಚರ್ಮ ಅರ್ಧಕ್ಕಿಂತ ಹೆಚ್ಚು ಕಪ್ಪಿರಬೇಕು ಅಂತಲೂ ಇದೆ. ಹೀಗಾಗಿ ಮೈ ಕಪ್ಪಗಿದ್ದರೆ ಕ್ರಾಸ್ ಕರುವೂ ಒಳಗೆ ನುಸುಳಬಹುದು. ಇದನ್ನು ಹೇಳಿದಾಗ ಅಜ್ಜಾರು ಬಹಳ ಹೊತ್ತು ಸುಮ್ಮನಿದ್ದು, "ಅಲ್ಲೀನೂ ಬಣ್ಣ ನೋಡ್ತಾರ ಅಂದಂಗಾತು" ಅಂದರು.

ಇಲ್ಲಿ ಹಿಣಿಲು ಅಂದರೆ ನೊಗ ಕೂರುವ ಜಾಗ. ಅದಿಲ್ಲದ ಎತ್ತಿನ ಹೆಗಲ ಮೇಲೆ ನೊಗ ಜಾರುತ್ತದೆ, ಉಜ್ಜಿ ಹುಣ್ಣಾಗುತ್ತದೆ. ಜರ್ಸಿ ಹೋರಿಗೆ ಬೀಜ ಒಡೆಸಿ ಎತ್ತು ಮಾಡಿದವರು ಇಲ್ಲದಿಲ್ಲ. ಬ್ಯಾಡಗಿ ಕಡೆಯ ನನ್ನ ಗಿರಾಕಿಯೊಬ್ಬರು ಅಂಥ ಜೋಡಿಯಿಂದ ಆರು ವರ್ಷ ಕುಂಟಿ ಹೊಡೆದರು. ಬೆಳಕು ಹರಿಯುವ ಮೊದಲು ಹೂಡಿ, ಬಿಸಿಲೇರುವ ಹೊತ್ತಿಗೆ ಕೊಳ್ಳು ಹರಿದು ನೆರಳಿಗೆ ಕಟ್ಟುತ್ತಿದ್ದರು. ನೊಗಕ್ಕೆ ಹಳೇ ಗೋಣಿತಟ್ಟಿನ ಮೆತ್ತೆ. ಎತ್ತುಗಳು ಚಲೋ ದುಡಿದವು. ಆದರೂ ಮಾರಲು ಸಂತೆಗೆ ತಂದಾಗ ಖಿಲಾರಿ ಜೋಡಿಯ ಕಾಲುಭಾಗಕ್ಕೂ ಯಾರೂ ಕೇಳಲಿಲ್ಲ. ಅವರ ಮನೆಯ ಹೆಸರು ಗೊತ್ತಿದ್ದ ಪಕ್ಕದ ಊರಿನವರೊಬ್ಬರು ಕಡೆಗೆ ಹೊಡೆದುಕೊಂಡು ಹೋದರು.

ಮೊದಲೆಲ್ಲ ಆಕಳು ಹೋರಿಗರು ಹಾಕಿತೆಂದರೆ ಮನೆಯಲ್ಲಿ ಹಿಗ್ಗು. ಈಗ ಕ್ರಾಸ್ ಆಕಳ ಮನೆಯಲ್ಲಿ ಗಂಡುಕರು ಅಂದರೆ ಮುಖ ಸಪ್ಪಗಾಗುತ್ತದೆ. ಹೆಣ್ಣುಕರುವೇ ಹುಟ್ಟುವ ಇಂಜೆಕ್ಷನ್ ಬಂದಿದೆ, ಹತ್ತರಲ್ಲಿ ಒಂಬತ್ತು ಹೆಣ್ಣೇ ಆಗುತ್ತವೆ ಅನ್ನುತ್ತಾರೆ ಡಾಕ್ಟರು. ಉಳಿದ ಆ ಒಂದರ ಗತಿ ಏನು ಅಂತ ಅಂಗಡಿ ಕಟ್ಟೆಯ ಮೇಲೆ ಯಾರಾದರೂ ಕೇಳಿದರೆ ಮಾತು ಮಳೆ, ಗೋವಿನಜೋಳದ ರೇಟಿನ ಕಡೆ ಹೊರಳುತ್ತದೆ.

ಓಟದ ಲೆಕ್ಕವೂ ಹೇಳಬೇಕು. ದೀಪಾವಳಿ ಮುಗಿದ ಮೇಲೆ ಹಾವೇರಿ, ಹಾನಗಲ್, ಹಿರೇಕೆರೂರ ಕಡೆ ಕೊಬ್ಬರಿ ಹೋರಿ ಓಡಿಸುತ್ತಾರೆ. ಕೊರಳ ತುಂಬ ಒಣಕೊಬ್ಬರಿ ಸರ, ಮೈಮೇಲೆ ಜೂಲ, ಕೊಂಬಿಗೆ ಬಲೂನು. ಎರಡೂ ಕಡೆ ಸಾವಿರಾರು ಜನ, ನಡುವೆ ಬಿಟ್ಟರೆ ಹೋರಿ ಹಾರಿಕೊಂಡು ಹೋಗಬೇಕು, ಹುಡುಗರು ಕೊಬ್ಬರಿ ಹರಿಯಬೇಕು. ಒಂದು ಕೊಬ್ಬರಿಯನ್ನೂ ಬಿಟ್ಟುಕೊಡದ ಹೋರಿಗೆ ಮೈಕಿನಲ್ಲಿ ಹೆಸರು, ಊರಿನ ಹುಡುಗರ ಅಂಗಿಯ ಮೇಲೂ ಹೆಸರು. ಇಂಥ ಹೋರಿಗೆ ತಮಿಳುನಾಡಿನವರೆಗೂ ಹುಡುಕಿಕೊಂಡು ಹೋಗುತ್ತಾರೆ. ಜರ್ಸಿಯನ್ನು ಅಲ್ಲಿ ಬಿಟ್ಟರೆ ಜನರೇ ನಕ್ಕು ಹಿಡಿದು ಕಟ್ಟುತ್ತಾರೆ. ಮೈ ಕೈ ಮುರಿದುಕೊಳ್ಳುವವರೂ ಇದ್ದಾರೆ, ನನ್ನ ಮಗನನ್ನು ನಾನು ಬಿಡುವುದಿಲ್ಲ. ಆದರೆ ಅವನು ಹೇಳದೆ ಹೋಗುತ್ತಾನೆ.

ಈಗ ನಿಮ್ಮ ಬ್ರಾಂಗಸ್‌ಗೆ ಬರುತ್ತೇನೆ. ಹಳೇ ಲೆಕ್ಕದಲ್ಲಿ ಹೇಳಿದರೆ ರೂಪಾಯಿಗೆ ಹತ್ತಾಣೆ ಆಂಗಸ್, ಆರಾಣೆ ಬ್ರಾಹ್ಮನ್ ಅನ್ನುವ ಹಿಣಿಲಿನ ತಳಿ. ನಿಮ್ಮ ಟೆಕ್ಸಸ್‌ನ ಕಿಂಗ್ ರ‍್ಯಾಂಚಿನ ಸಾಂತಾ ಗರ್ಟ್ರೂಡಿಸ್‌ಗೂ ಇದೇ ಆಣೆ ಲೆಕ್ಕ, ಆಂಗಸ್ ಬದಲು ಶಾರ್ಟ್‌ಹಾರ್ನ್. ಅಲ್ಲಿಯ ಸರ್ಕಾರ 1940ರಲ್ಲಿ ಅದನ್ನು ತಳಿ ಅಂತ ಒಪ್ಪಿತು. ಆರಾಣೆ ಬ್ರಾಹ್ಮನ್ ಯಾಕೆ ಬೇಕಾಯಿತು ಅಂದರೆ, ಇಂಗ್ಲೆಂಡಿನ ಕಡೆಯ ದನ ಅಲ್ಲಿಯ ಬಿಸಿಲಿಗೂ ಉಣ್ಣಿಗೂ ತಾಳಲಿಲ್ಲ. ಆ ಬ್ರಾಹ್ಮನ್ ಎಲ್ಲಿಯದು? 1854ರಿಂದ 1926ರ ನಡುವೆ ಅಮೆರಿಕಕ್ಕೆ ಹೋದ 266 ಹೋರಿ, 22 ಆಕಳಿನಿಂದ ಆದದ್ದು ಅಂತ ಲೆಕ್ಕ ಇಟ್ಟಿದ್ದಾರೆ. ಅದರಲ್ಲಿ ಕೂಡಿದ ರಕ್ತ ನಾಲ್ಕು: ಗುಜರಾತಿನ ಗಿರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲ್, ನಾಲ್ಕನೆಯದು ನಮ್ಮ ಕೃಷ್ಣಾ ವ್ಯಾಲಿ.

ನಮ್ಮ ಅಂದೆ, ಯಾಕೆಂದರೆ ಆ ದನ ಹುಟ್ಟಿದ್ದು ನನ್ನ ಸಾಂಗ್ಲಿ ಸೀಮೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿಯ ಸಂಸ್ಥಾನಿಕರು ಕೃಷ್ಣಾ ತೀರದ ಎರೆಹೊಲ ಉಳಲು ದೊಡ್ಡ ಮೈಯ ಎತ್ತು ಬೇಕೆಂದು ಗಿರ್, ಓಂಗೋಲ್, ಕಾಂಕ್ರೇಜ್ ಹೋರಿಗಳನ್ನು ತರಿಸಿ ಸ್ಥಳೀಯ ಆಕಳಿಗೆ ಕೂಡಿಸಿದರು. ಅಂದರೆ ಅದೂ ಕ್ರಾಸ್ ದನವೇ. ಅಜ್ಜ ಹೇಳುತ್ತಿದ್ದ, ಕೃಷ್ಣಾ ಎತ್ತು ಎರೆಯೊಳಗೆ ಮೊಳಕಾಲುದ್ದ ಹೂತರೂ ನಿಲ್ಲುತ್ತಿರಲಿಲ್ಲ ಅಂತ. ಟ್ರ್ಯಾಕ್ಟರ್ ಬಂದವು, ಅವನ್ನು ಸಾಕುವವರು ಕಡಿಮೆಯಾದರು. ಈಗ ಬೆಳಗಾವಿ, ಬಾಗಲಕೋಟೆ ಕಡೆ ಅಲ್ಲೊಂದು ಇಲ್ಲೊಂದು. ನಿಮ್ಮ ಫೋಟೋದ ಹೋರಿಯ ಆರಾಣೆಯೊಳಗೆ ನನ್ನೂರಿನದು ಒಂದು ಕಾಸಿನಷ್ಟಾದರೂ ಇರಬಹುದು ಅನ್ನಿಸಿ ಅದನ್ನು ಎರಡೆರಡು ಸಲ ನೋಡಿದೆ.

ಖಿಲಾರಿಗೆ ಮಾತ್ರ ಹಾವೇರಿ ಜಿಲ್ಲೆಯೂ ಒಂದು ಆಸರೆ ಕೊಟ್ಟಿದೆ. ಬಂಕಾಪುರದ ಕೋಟೆಯೊಳಗೆ ಖಿಲಾರಿ ತಳಿ ಸಂವರ್ಧನ ಕೇಂದ್ರ ಇದೆ. ದನಕ್ಕೆಂದು ಬಿಟ್ಟ ಆ 139 ಎಕರೆಯಲ್ಲಿ ನವಿಲುಗಳು ಸೇರಿಕೊಂಡು, 2006ರಲ್ಲಿ ಅದು ನವಿಲುಧಾಮವೂ ಆಯಿತು. ಊರಿನ ನೆನಪಾದಾಗ ನಾನು ಅಲ್ಲಿಗೆ ಹೋಗಿ ಕೂರುತ್ತೇನೆ. ಬಿಳೀ ಹೋರಿ ಮೇಯುತ್ತಿರುತ್ತವೆ, ಕಾಲ ಬಳಿ ನವಿಲು ಹೆಕ್ಕುತ್ತಿರುತ್ತವೆ.

ನಿಮ್ಮ ಫೋಟೋವನ್ನು ಕಳೆದ ಗುರುವಾರ ಅಜ್ಜಾರಿಗೆ ತೋರಿಸಿದೆ. ಕನ್ನಡಕ ಏರಿಸಿ, ಮೊಬೈಲನ್ನು ತೋಳುದ್ದ ಹಿಡಿದು, ನನ್ನ ಕೈಲಿ ದೊಡ್ಡದು ಮಾಡಿಸಿ ಗೊರಸು ನೋಡಿದರು. ಸೊಂಟ ನೋಡಿದರು. "ಮೈಯಾಗ ಹೋರಿ ಚಂದ ಐತಿ. ನಡಿಗಿ ಕಾಣವಲ್ದು. ಹಸೀ ನೆಲದ ಮ್ಯಾಲೆ ನಡಸಿ, ಹಿಂದಿಂದ ತಗದ ವಿಡಿಯೋ ಕಳಸಾಕ ಹೇಳು" ಅಂದರು. ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತು, "ಯಾರ ಮನೀದಂತ ಕೇಳು" ಅಂದರು. ಎರಡನ್ನೂ ಮರೆಯದೆ ಕಳಿಸಿ.