ಸಂಪಾದಕರ ಉತ್ತರ: ಮೊದಲ ಮಳೆಗಾಲದಲ್ಲಿ ಮನೆಗೆ ಕೈ ಹಾಕಬೇಡಿ

ಬೆಂಗಳೂರಿನ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಸಾರಾಂಶವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ. ಅವರು ಬರುವ ಮೇ 31ರಂದು ಬ್ಯಾಂಕಿನ ಕೆಲಸದಿಂದ ನಿವೃತ್ತರಾಗುತ್ತಾರೆ. ಪತಿ ತೀರಿಕೊಂಡು ಆರು ವರ್ಷಗಳಾಗಿವೆ, ಮಗ ಹೊರದೇಶದಲ್ಲಿದ್ದಾನೆ. ಉಡುಪಿ ಜಿಲ್ಲೆಯ ಕರಾವಳಿಯಲ್ಲಿ ಮರವಂತೆಗೂ ಬೈಂದೂರಿಗೂ ನಡುವಣ ಒಂದು ಹಳ್ಳಿಯಲ್ಲಿ, ಕಡಲಿನಿಂದ ಸುಮಾರು 180 ಮೀಟರ್ ದೂರದಲ್ಲಿ, ಅವರ ತಾಯಿಯ ಮನೆ ಹನ್ನೊಂದು ವರ್ಷಗಳಿಂದ ಬೀಗ ಹಾಕಿಕೊಂಡು ನಿಂತಿದೆ. ಪಕ್ಕದ ಮನೆಯವರು ಸಂಜೆ ತುಳಸಿಕಟ್ಟೆಗೆ ದೀಪ ಇಡುತ್ತಾರೆ ಎನ್ನುವುದನ್ನು ಬಿಟ್ಟರೆ ಅಲ್ಲಿ ಮನುಷ್ಯರ ಓಡಾಟವಿಲ್ಲ. ಜೂನ್ ಮೊದಲ ವಾರ ಅಲ್ಲಿಗೆ ಒಬ್ಬರೇ ಹೋಗಿ, ಎರಡು ತಿಂಗಳಲ್ಲಿ ರಿಪೇರಿ ಮುಗಿಸಿ, ನವರಾತ್ರಿಗೆ ಒಕ್ಕಲಾಗಬೇಕೆಂಬುದು ಅವರ ಯೋಜನೆ. ಮೈದುನರು ಕೆಡವಿ ತಾರಸಿ ಮನೆ ಕಟ್ಟಿಸಿ ಎನ್ನುತ್ತಾರೆ, ಮಗ ಮಾರಿಬಿಡು ಎನ್ನುತ್ತಾನೆ, ಅಕ್ಕ ‘ಒಂಟಿ ಹೆಂಗಸು ಅಲ್ಲಿ ಹೇಗಿರುತ್ತೀ’ ಎನ್ನುತ್ತಾರೆ. ‘ನೀವು ಏನನ್ನುತ್ತೀರಿ?’ ಎಂದು ಅವರ ಪ್ರಶ್ನೆ.

ಮಾನ್ಯರೇ,

ನೀವು ಹೋಗಬೇಕೆಂದೇ ನಾನು ಹೇಳುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಗಾಬರಿಗೊಳಿಸಿದ್ದು ನೀವು ಒಬ್ಬರೇ ಹೋಗುತ್ತೀರಿ ಎಂಬ ಸಂಗತಿಯಲ್ಲ, ಜೂನ್ ತಿಂಗಳಲ್ಲಿ ಹೋಗಿ ಕೆಲಸ ಹಿಡಿಸುತ್ತೀರಿ ಎಂಬ ಸಂಗತಿ. ನಿವೃತ್ತಿಯ ದಿನಾಂಕವನ್ನು ಬ್ಯಾಂಕು ಗೊತ್ತುಮಾಡಬಹುದು. ಕರಾವಳಿಯಲ್ಲಿ ಮನೆಕೆಲಸದ ದಿನಾಂಕವನ್ನು ಗೊತ್ತುಮಾಡುವುದು ಮಳೆ. ತುಳುವರಲ್ಲಿ ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಸುಮಾರು ಮೇ 24ರಂದು, ಪತ್ತನಾಜೆ ಬರುತ್ತದೆ. ಅಂದಿಗೆ ದೈವಗಳ ಕೋಲ ನೇಮಗಳು ನಿಲ್ಲುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಿಮ್ಮೂರು ತುಳುವಿನದಲ್ಲ, ಕುಂದಾಪುರದ ಕಡೆಯ ಕುಂದಗನ್ನಡದ ಸೀಮೆಯಾದರೂ ಅಲ್ಲಿನ ಬದುಕಿನ ಪಂಚಾಂಗವೂ ಇದೇ. ದೇವರು, ದೈವ, ಬೆಸ್ತರು ಎಲ್ಲರೂ ಕೆಲಸ ನಿಲ್ಲಿಸುವ ಹೊತ್ತಿಗೆ ನೀವು ಮಾಡಿನ ಹಂಚು ಇಳಿಸಲು ಹೊರಟಿದ್ದೀರಿ! ಬೆಂಗಳೂರಿನಲ್ಲಿ ವರ್ಷವಿಡೀ ಸುರಿಯುವಷ್ಟು ಮಳೆ ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವುದುಂಟು. ಹಂಚು ತೆಗೆದ ಮನೆಯ ಮಣ್ಣಿನಲ್ಲಿ ಕಟ್ಟಿದ ಗೋಡೆ ಅಂಥ ಮಳೆಗೆ ಮೂರು ದಿನ ತಾಳುವುದಿಲ್ಲ.

ಹಾಗಾಗಿ ಮೊದಲ ಮಳೆಗಾಲವನ್ನು ಮನೆ ನೋಡುವುದಕ್ಕಷ್ಟೇ ಇಟ್ಟುಕೊಳ್ಳಿ. ಈಗಿನ್ನೂ ಫೆಬ್ರವರಿ. ಮಾರ್ಚ್ ಅಥವಾ ಏಪ್ರಿಲಿನಲ್ಲಿ ನಾಲ್ಕು ದಿನ ರಜೆ ಹಾಕಿ ಹೋಗಿ ಹಂಚು ಕೈಯಾಡಿಸಿ, ಒಡೆದವನ್ನು ಬದಲಿಸಿ, ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಸಿ ಬನ್ನಿ. ಅಡುಗೆಮನೆಯ ಕಡೆಯ ಎರಡು ಕೋಣೆ ಗಟ್ಟಿಯಾಗಿವೆ ಎಂದಿದ್ದೀರಿ. ಜೂನ್‌ನಿಂದ ಅಲ್ಲಿರಬಹುದೇ ಎಂಬುದನ್ನು ಊರಿನ ಮೇಸ್ತ್ರಿಯೊಬ್ಬರಿಗೆ ತೋರಿಸಿಯೇ ತೀರ್ಮಾನಿಸಿ. ಅವರು ಬೇಡವೆಂದರೆ ಹತ್ತಿರದಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದು ದಿನಕ್ಕೊಮ್ಮೆ ಮನೆಗೆ ಹೋಗಿ ಬನ್ನಿ. ಎಲ್ಲಿ ಸೋರುತ್ತದೆ, ಅಂಗಳದ ನೀರು ಯಾವ ಕಡೆಗೆ ಹರಿಯುತ್ತದೆ, ಯಾವ ಗೋಡೆ ಎಷ್ಟು ಎತ್ತರಕ್ಕೆ ತೇವ ಹೀರುತ್ತದೆ, ಗಾಳಿ ಯಾವ ಕಿಟಕಿಯಿಂದ ಎರಚಲು ತರುತ್ತದೆ, ಗೆದ್ದಲು ಎಲ್ಲಿಂದ ಏರುತ್ತದೆ ಎಂಬುದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ನವೆಂಬರಿನಲ್ಲಿ ಕೆಲಸ ಹಿಡಿಸುವಾಗ ಆ ನೋಟುಬುಕ್ಕು ಯಾವ ಎಂಜಿನಿಯರರ ನಕ್ಷೆಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನವರಾತ್ರಿಯ ಒಕ್ಕಲನ್ನು ಒಂದು ವರ್ಷ ಮುಂದೆ ಹಾಕಿ.

ಇನ್ನು ಗೋಡೆ. ಫೋನಿನಲ್ಲಿ ಮಾತಾಡಿದ ಗುತ್ತಿಗೆದಾರರು ಮಣ್ಣಿನ ಗಿಲಾಯಿಯನ್ನೆಲ್ಲ ಕೆರೆದು ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ಐವತ್ತು ವರ್ಷ ಚಿಂತೆಯಿಲ್ಲ ಎಂದರೆಂದು ಬರೆದಿದ್ದೀರಿ. ಇದೇ ಮಾತನ್ನು ಕೇಳಿ ನಾನೂ ಒಮ್ಮೆ ಕೆಟ್ಟಿದ್ದೇನೆ. ಹೊನ್ನಾವರದ ಬಳಿ ಶರಾವತಿ ಅಳಿವೆಯ ದಡದಲ್ಲಿರುವ ನಮ್ಮ ಹಿರಿಯರ ಮನೆಯ ಹೊರಗೋಡೆಗೆ ಸಿಮೆಂಟ್ ಹಚ್ಚಿಸಿ, ಮೇಲೆ ಪೇಂಟ್ ಹೊಡೆಸಿ, ಎರಡು ವರ್ಷ ಬೀಗಿದೆ. ಮೂರನೆಯ ಶ್ರಾವಣದ ಒಂದು ಬೆಳಗ್ಗೆ ಪಶ್ಚಿಮದ ಗೋಡೆಯಿಂದ ಬಾಗಿಲಿನಷ್ಟು ದೊಡ್ಡ ಹಕ್ಕಳೆ ಒಂದೇ ಏಟಿಗೆ ಅಂಗಳಕ್ಕೆ ಬಿತ್ತು. ಹಿಂದಿನ ಕಲ್ಲನ್ನು ಬೆರಳಿನಿಂದ ಒತ್ತಿದರೆ ಕೆಂಪು ನೀರು ಒಸರುತ್ತಿತ್ತು, ಸಂದಿನ ಮಣ್ಣು ನೆನೆಸಿದ ಅವಲಕ್ಕಿಯಂತೆ ಮೆತ್ತಗಾಗಿತ್ತು. ಗುತ್ತಿಗೆ ಹಿಡಿದವರನ್ನು ಕೇಳಿದರೆ ‘ಕಲ್ಲೇ ಸರಿಯಿಲ್ಲ’ ಎಂದರು. ಆ ಕಲ್ಲು ಅದಕ್ಕೆ ಮೊದಲು ತೊಂಬತ್ತು ಮಳೆಗಾಲ ಕಂಡಿತ್ತು.

ಕಾರಣ ಸರಳ. ನೀವು ಮುರಕಲ್ಲು ಎನ್ನುವ, ನಮ್ಮ ಕಡೆ ಚಿರೆಕಲ್ಲು ಎನ್ನುವ ಈ ಕೆಂಪುಕಲ್ಲಿನ ಮೈತುಂಬ ರಂಧ್ರಗಳಿವೆ. ನೆಲದಿಂದ ಅಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಅದರ ಗುಣವನ್ನು, 1800-01ರಲ್ಲಿ ನಮ್ಮ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಇಂಥ ಕಲ್ಲನ್ನು ಮಣ್ಣಿನಲ್ಲಿ ಕೂಡಿಸಿ ಕಟ್ಟಿದ ಗೋಡೆ ಮಳೆಗಾಲದಲ್ಲಿ ತೇವ ಕುಡಿದು ಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟಿನ ಅಂಗಿ ತೊಡಿಸಿದರೆ ನೆಲದಿಂದ, ಬಿರುಕಿನಿಂದ ಒಳಗೆ ಸೇರಿದ ನೀರಿಗೆ ಹೊರಬರುವ ದಾರಿ ಮುಚ್ಚುತ್ತದೆ. ಕಡಲ ಗಾಳಿಯ ಉಪ್ಪು ಆ ತೇವದಲ್ಲಿ ಕರಗಿ, ಒಣಗುವಾಗ ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ. ನಿಮ್ಮ ಗೋಡೆಗೆ ಬೇಕಾದದ್ದು ಸುಣ್ಣದ ಗಾರೆ. ಚಿಪ್ಪಿಸುಣ್ಣ ಸಿಕ್ಕರೆ ಒಳ್ಳೆಯದು. ಯಾವ ಸುಣ್ಣವಾದರೂ ಚೆನ್ನಾಗಿ ಅರಳಿಸಿ, ಕೊಳೆಹಾಕಿ ಬಳಸಬೇಕು. ಮರಳು ಅಳಿವೆಯದಾಗಿರಕೂಡದು, ಅದರಲ್ಲಿ ಉಪ್ಪಿರುತ್ತದೆ. ಗಾರೆಕೆಲಸ ಬಲ್ಲ ಮೇಸ್ತ್ರಿಗಳು ಈಗ ಅಪರೂಪ. ಹಳೆಯ ದೇವಸ್ಥಾನಗಳ ಜೀರ್ಣೋದ್ಧಾರದಲ್ಲಿ ದುಡಿದವರನ್ನು ವಿಚಾರಿಸಿ; ಸಿಗುವವರೆಗೆ ಗೋಡೆ ಹಾಗೇ ಇರಲಿ. ಮೈದುನರು ಹೇಳುವ ತಾರಸಿ ಮನೆಯೂ ಕಡಲ ಬದಿಯಲ್ಲಿ ಚಿಂತೆಯಿಲ್ಲದ್ದೇನಲ್ಲ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟು ಸೀಳುವುದನ್ನು ಆ ಕರಾವಳಿಯ ಹೆದ್ದಾರಿಯುದ್ದಕ್ಕೂ ನೋಡಬಹುದು.

ಮಾಡಿನ ವಿಷಯದಲ್ಲಿ ಧೈರ್ಯವಾಗಿರಿ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಈ ಹಂಚಿನ ಆಯಸ್ಸು ನಾವು ಎಣಿಸುವುದಕ್ಕಿಂತ ದೊಡ್ಡದು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಹಿಡಿಯುತ್ತವೆ. ನಿಮ್ಮ ಮಾಡು 200 ಚದರ ಮೀಟರಾದರೆ ಮೂರು ಸಾವಿರ ಹಂಚು. ಎಲ್ಲವನ್ನೂ ಹೊಸದು ಹಾಕಿಸಿ ಎಂಬ ಮಾತಿಗೆ ಒಪ್ಪಬೇಡಿ. ಒಂದೊಂದನ್ನೇ ಇಳಿಸಿ, ತೊಳೆದು, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ಗಟ್ಟಿ ಹಂಚು ಠಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ದೆನ್ನುತ್ತದೆ. ಕೊರತೆ ಬಿದ್ದಷ್ಟನ್ನು ಕೆಡವಿದ ಮನೆಗಳಿಂದ ಅದೇ ಅಚ್ಚಿನವು ಸಿಕ್ಕರೆ ಕೊಳ್ಳಿ, ಬೇರೆ ಅಚ್ಚಿನವು ಒಂದಕ್ಕೊಂದು ಕೂರುವುದಿಲ್ಲ. ನಿಜವಾದ ಪರೀಕ್ಷೆ ಹಂಚಿನ ಕೆಳಗಿದೆ. ಪಕಾಸುಗಳು, ಅಂದರೆ ಹಂಚನ್ನು ಹೊರುವ ಓರೆ ತೊಲೆಗಳು, ನಡುವೆ ಚೆನ್ನಾಗಿ ಕಂಡರೂ ಗೋಡೆಯ ಮೇಲೆ ಕೂರುವ ತುದಿಯಲ್ಲಿ ಮೊದಲು ಕುಂಬಾಗುತ್ತವೆ. ಚೂರಿಯ ಮೊನೆಯನ್ನು ಅಲ್ಲಿ ಚುಚ್ಚಿ ನೋಡಿ: ಹಿಡಿಯವರೆಗೆ ಹೋದರೆ ಆ ಪಕಾಸು ಹೋಯಿತೆಂದೇ ಲೆಕ್ಕ, ಅರ್ಧ ಅಂಗುಲಕ್ಕೆ ನಿಂತರೆ ಉಳಿಸಬಹುದು. ಉಳಿಸಿದ ಮರಕ್ಕೆ ಊರವರು ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿಯುತ್ತಾರೆ. ಕೈಗೆ ತಾಗಿದರೆ ಸುಡುತ್ತದೆ, ಆದರೆ ಗೆದ್ದಲಿಗೆ ಅದಕ್ಕಿಂತ ಅಗ್ಗದ ಮದ್ದಿಲ್ಲ. ಮರಗೆಲಸದ ಆಚಾರಿಯವರ ಜೊತೆ ಮಾತಿಗೆ ಕೂರುವ ಮುನ್ನ ಒಂದು ದಿನ ಮಣಿಪಾಲಕ್ಕೆ ಹೋಗಿ, ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನು ನೋಡಿ ಬನ್ನಿ. ಬಿದ್ದುಹೋಗಲಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ. ಹಳೆಯ ಕಂಬಗಳನ್ನು ಮಾರಿದರೆ ಒಳ್ಳೆಯ ದುಡ್ಡು ಬರುತ್ತದೆ ಎನ್ನುವವರಿಗೆ ಕೊಡಬೇಕಾದ ಉತ್ತರ ನಿಮಗೆ ಅಲ್ಲೇ ಹೊಳೆದೀತು.

ಇಷ್ಟೆಲ್ಲಕ್ಕೂ ಮೊದಲು ಕಾಗದಪತ್ರ. ನೀವು ಅದಕ್ಕೆ ಒಂದೇ ಸಾಲು ಬರೆದಿದ್ದೀರಿ: ‘ಮನೆ ಅಮ್ಮನದು, ಹಾಗಾಗಿ ನನ್ನದು.’ ಅಷ್ಟು ಸುಲಭವಲ್ಲ. ನಿಮ್ಮದು ಅಳಿಯಕಟ್ಟಿನ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ, ಮನೆತನ ಎಂದಿದ್ದೀರಿ. ನಿಮ್ಮೂರು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿದ್ದಾಗ ಬಂದ 1949ರ ಅಳಿಯಸಂತಾನ ಕಾಯಿದೆ ಕುಟುಂಬದೊಳಗೆ ಪಾಲು ಕೇಳುವ ದಾರಿ ಮಾಡಿಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ತೀರಿಕೊಂಡ ಸದಸ್ಯರ ಪಾಲು ಆ ಕಾಯಿದೆಯಂತೆ ಅವರವರ ವಾರಸುದಾರರಿಗೆ ಹೋಗುತ್ತದೆ. ಪಾಲುಪಟ್ಟಿ ಆಗಿರದಿದ್ದರೆ ನಿಮ್ಮ ಸೋದರಮಾವಂದಿರ ಮಕ್ಕಳಿಗೂ ಆ ಜಗಲಿಯಲ್ಲಿ ಹಕ್ಕಿರಬಹುದು. ನೀವು ದುಡ್ಡು ಸುರಿದು ಮನೆ ನಿಲ್ಲಿಸಿದ ಮರುವರ್ಷ ಅವರಿಗೆ ತವರಿನ ನೆನಪು ಬರುವುದು ನಾನು ಕಂಡ ಕತೆಯೇ. ಪಹಣಿ, ಮ್ಯುಟೇಶನ್, ಋಣಭಾರ ಪತ್ರ ತೆಗೆಸಿ, ಕುಂದಾಪುರ ಕಡೆಯ ಭೂಮಿ ವ್ಯವಹಾರ ಬಲ್ಲ ವಕೀಲರಿಗೆ ತೋರಿಸಿ. ಹಕ್ಕು ಬಿಟ್ಟುಕೊಡುವವರಿಂದ ನೋಂದಾಯಿತ ಪತ್ರ ಮಾಡಿಸಿಕೊಳ್ಳಿ. ಮನೆಗೆ ಹೋಗುವ ದಾರಿಯನ್ನೂ ನಕ್ಷೆಯಲ್ಲಿ ನೋಡಿ. ಭೂಸುಧಾರಣೆಯಲ್ಲಿ ಸುತ್ತಲಿನ ಗದ್ದೆ ಗೇಣಿದಾರರಿಗೆ ಹೋಗಿ, ಮನೆಗೆ ಗದ್ದೆಯಂಚಿನ ಕಾಲುದಾರಿ ಮಾತ್ರ ಉಳಿದಿರುವುದು ಅಲ್ಲಿ ಸಾಮಾನ್ಯ. ಲಾರಿ ಬಾರದ ಮನೆಗೆ ಕಲ್ಲು, ಮರಳು ಎಲ್ಲವನ್ನೂ ತಲೆಹೊರೆಯಲ್ಲಿ ತರಿಸಬೇಕು. ಹದಿನೆಂಟು ಲಕ್ಷ ಎಂದು ಫೋನಿನಲ್ಲೇ ಲೆಕ್ಕ ಹೇಳಿದ ಗುತ್ತಿಗೆದಾರರು ಇದನ್ನು ಸೇರಿಸಿರಲಾರರು.

ಕಡಲಿನಿಂದ 180 ಮೀಟರ್ ಎಂಬುದೂ ಸಣ್ಣ ವಿಷಯವಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಮೊದಲು 1991ರಲ್ಲಿ ಬಂದವು. ಈಗಿರುವ 2019ರ ಅಧಿಸೂಚನೆಯಂತೆ, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನವಸತಿ ಇರುವ ಗ್ರಾಮೀಣ ಪ್ರದೇಶದಲ್ಲಿ ಭರತರೇಖೆಯಿಂದ, ಅಂದರೆ ಕಡಲು ಉಬ್ಬರದಲ್ಲಿ ಏರುವ ಗೆರೆಯಿಂದ, 50 ಮೀಟರ್, ಉಳಿದೆಡೆ 200 ಮೀಟರ್ ಹೊಸ ಕಟ್ಟಡಕ್ಕೆ ನಿಷಿದ್ಧ. ಮೊದಲೇ ಇರುವ ಅಧಿಕೃತ ಮನೆಯನ್ನು ಇದ್ದಷ್ಟೇ ಪಾಯದ ಮೇಲೆ ರಿಪೇರಿ ಮಾಡಬಹುದು, ಮತ್ತೆ ಕಟ್ಟಲೂಬಹುದು, ಹಿಗ್ಗಿಸುವಂತಿಲ್ಲ. ಆದ್ದರಿಂದ ಹಿಂಬದಿಗೆ ಹೊಸದಾಗಿ ಒಂದು ಕೋಣೆ, ಬಚ್ಚಲು ಸೇರಿಸುವ ಆಲೋಚನೆಯನ್ನು ಪಂಚಾಯಿತಿಯಲ್ಲಿ ವಿಚಾರಿಸುವವರೆಗೆ ಬದಿಗಿಡಿ. ಮನೆ 1991ಕ್ಕೂ ಹಿಂದಿನದು ಎಂದು ತೋರಿಸಲು ಹಳೆಯ ಮನೆತೆರಿಗೆಯ ರಸೀದಿಗಳು ಬೇಕಾಗುತ್ತವೆ. ಎಲ್ಲಿದ್ದರೂ ಹುಡುಕಿ ತೆಗೆಯಿರಿ.

ಬಾವಿಯ ನೀರು ಮೇ ತಿಂಗಳಲ್ಲಿ ಸಪ್ಪೆಯಾಗಿರುತ್ತಿತ್ತೋ ಉಪ್ಪಾಗುತ್ತಿತ್ತೋ ನಿಮಗೆ ನೆನಪಿಲ್ಲವೆಂದಿದ್ದೀರಿ. ದೀಪ ಇಡುವವರನ್ನು ಕೇಳಿ. ಬೋರ್‌ವೆಲ್ ಮಾತ್ರ ತೆಗೆಸಬೇಡಿ. ಕಡಲಂಚಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಮೇಲಿನ ಮಟ್ಟ ಒಂದು ಅಡಿ ತಗ್ಗಿದರೆ ಕೆಳಗಿನ ಉಪ್ಪು ಸುಮಾರು ನಲವತ್ತು ಅಡಿ ಏರುತ್ತದೆ ಎಂಬುದು ಅಂದಾಜು ಲೆಕ್ಕ. ನಿಮ್ಮ ಪಂಪು ಪಕ್ಕದವರ ಬಾವಿಯನ್ನೂ ಕೆಡಿಸೀತು, ಊರಿಗೆ ಕಾಲಿಟ್ಟ ಮೊದಲ ವರ್ಷವೇ ಅಂಥ ಹೆಸರು ಬೇಡ.

ಇನ್ನು ಒಂಟಿತನ. ನಿಮ್ಮ ಅಕ್ಕ ಹೆದರುವ ಬಗೆಯ ಒಂಟಿತನ ಅಲ್ಲಿ ನಿಮಗೆ ಸಿಗುವುದೇ ಇಲ್ಲ. ಬೆಳಗ್ಗೆ ಏಳಕ್ಕೆ ಬಾಗಿಲು ತೆರೆಯದಿದ್ದರೆ ಏಳೂವರೆಗೆ ಯಾರೋ ಬಂದು ‘ಹುಷಾರಿಲ್ಯಾ?’ ಎಂದು ಕೇಳುತ್ತಾರೆ. ಪಿಂಚಣಿ ಎಷ್ಟು, ಮಗ ಯಾಕೆ ಬರುವುದಿಲ್ಲ ಎಂದೂ ಕೇಳುತ್ತಾರೆ. ಎಪಾರ್ಟ್‌ಮೆಂಟಿನ ಮುಚ್ಚಿದ ಬಾಗಿಲುಗಳಿಗೆ ಒಗ್ಗಿದವರಿಗೆ ಕಷ್ಟವಾಗುವುದು ಇದೇ. ಕಷ್ಟದ ಇನ್ನೊಂದು ಬಗೆ ಆಷಾಢದ ರಾತ್ರಿಗಳದು. ಕರೆಂಟು ಹೋಗಿ, ಫೋನಿನ ಸಿಗ್ನಲ್ಲೂ ಹೋಗಿ, ಕಡಲಿನ ಸದ್ದಿಗೂ ಮಳೆಯ ಸದ್ದಿಗೂ ವ್ಯತ್ಯಾಸ ತಿಳಿಯದಂತಾದಾಗ ಯಾವ ಧೈರ್ಯಸ್ಥರಿಗೂ ಬೆಂಗಳೂರಿನ ಬಸ್ಸು ನೆನಪಾಗುತ್ತದೆ. ಆ ರಾತ್ರಿಗಳನ್ನು ದುಡ್ಡು ಹಾಕುವ ಮೊದಲೇ ಕಂಡುಬಿಡಲಿ ಎಂದೂ ನಾನು ಒಂದು ಮಳೆಗಾಲ ಕಾಯಿರಿ ಎನ್ನುತ್ತಿರುವುದು. ತಡೆಯಲಾಗದಿದ್ದರೆ ಅಕ್ಟೋಬರಿನಲ್ಲಿ ಹಿಂದಿರುಗಿ. ಆಗ ನಿಮ್ಮ ಖರ್ಚು ಒಂದಿಷ್ಟು ಹಂಚು, ತಟ್ಟಿ, ಒಂದು ನೋಟುಬುಕ್ಕು ಮಾತ್ರ. ನಿವೃತ್ತಿಯಲ್ಲಿ ಬಂದ ಹಣ ಪೂರ್ತಿ ಕೈಯಲ್ಲಿರುತ್ತದೆ. ಉಳಿದರೂ ಅದರ ಅರ್ಧಕ್ಕಿಂತ ಹೆಚ್ಚನ್ನು ಮನೆಗೆ ಹಾಕಬೇಡಿ, ಕೆಲಸವನ್ನು ಒಟ್ಟು ಗುತ್ತಿಗೆಗೆ ಕೊಡದೆ ದಿನಗೂಲಿಯ ಮೇಲೆ, ಸಾಮಾನು ನೀವೇ ತಂದುಕೊಟ್ಟು, ಕಣ್ಣೆದುರೇ ಮಾಡಿಸಿ.

ಕೊನೆಯ ಪುಟದ ಅಂಚಿನಲ್ಲಿ ಇನ್ನೊಂದು ಪ್ರಶ್ನೆ ಗೀಚಿದ್ದೀರಿ. ನಡುಮನೆಯನ್ನು ಅರ್ಧ ನುಂಗಿಕೊಂಡು ಕೂತ ಭತ್ತ ತುಂಬಿಡುವ ಹಳೆಯ ಮರದ ಪೆಟ್ಟಿಗೆಗೆ, ಅಂದರೆ ಪತ್ತಾಯಕ್ಕೆ, ವ್ಯಾಪಾರಿಯೊಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ, ಬೀಗದ ಕೈ ಎಲ್ಲಿದೆಯೋ ತಿಳಿಯದು, ಹಾಗೇ ಕೊಟ್ಟುಬಿಡಲೇ ಎಂದು. ಕೊಡಬೇಡಿ. ಹಲಸಿನ ಹಲಗೆಯ ಬೆಲೆ ಒತ್ತಟ್ಟಿಗಿರಲಿ, ಹಳೆಯ ಮನೆಗಳಲ್ಲಿ ಭತ್ತ ತುಂಬುವುದು ನಿಂತ ಮೇಲೆ ಪತ್ತಾಯದೊಳಗೆ ಸೇರುತ್ತಿದ್ದದ್ದು ಕಾಗದಪತ್ರಗಳೇ. ನಿಮಗೆ ಬೇಕಾದ ತೆರಿಗೆ ರಸೀದಿಗಳೂ, ಪಾಲುಪಟ್ಟಿ ಆಗಿದ್ದರೆ ಅದೂ, ಅಲ್ಲಿರಬಹುದು. ಹನ್ನೊಂದು ವರ್ಷ ದೀಪ ಇಟ್ಟವರ ಬಳಿ ಬೀಗದ ಕೈ ಇದೆಯೇ ಎಂದು ಮಾರ್ಚಿನಲ್ಲಿ ಹೋದಾಗ ಮೊದಲು ವಿಚಾರಿಸಿ.