ಕೋಟೆಯೊಳಗಿನ ಓಣಿ ಮನೆ: ಇರೋದಾ, ಬಿಡೋದಾ?

ಪ್ರಶ್ನೆ: ನಮ್ಮ ಮಾವನವರ ಹಳೇ ಮನೆ ವಿಜಯಪುರದಲ್ಲಿ ಜುಮ್ಮಾ ಮಸೀದಿ ಹತ್ತಿರದ ಓಣಿಯಲ್ಲಿದೆ. ಕಲ್ಲು-ಮಣ್ಣಿನ ಗೋಡೆ, ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆ. ಇಷ್ಟು ದಿನ ಹುಬ್ಬಳ್ಳಿಯಲ್ಲಿ ಬಾಡಿಗೆ ಫ್ಲಾಟ್‌ನಲ್ಲಿದ್ದೆವು, ಈಗ ಇಲ್ಲಿಗೇ ವರ್ಗ ಆಗಿದೆ. ನಮ್ಮ ಮನೆಯವರಿಗೆ ಅಲ್ಲೇ ಇರುವ ಆಸೆ. ನನಗೆ ಧೈರ್ಯ ಸಾಲುತ್ತಿಲ್ಲ. ಕಾರು ಬಾಗಿಲಿಗೆ ಬರಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಗಳು. ಒಡೆದು ಎರಡು ಅಂತಸ್ತು ಕಟ್ಟೋಣ ಅಂದರೆ ಪುರಾತತ್ವದವರು ಬಿಡಲ್ಲ ಅಂತಾರೆ. ಊರ ಹೊರಗೆ ಲೇಔಟ್‌ನಲ್ಲಿ ಸೈಟ್ ತಗೊಳ್ಳೋದೇ ವಾಸಿ ಅಲ್ವಾ?
– ಓದುಗರೊಬ್ಬರು, ವಿಜಯಪುರ

ಉತ್ತರ: ಅಕ್ಕಾ, ಸೈಟಿನ ಮಾತು ಸ್ವಲ್ಪ ಮುಂದಕ್ಕೆ ಹಾಕಿ. ಮೊದಲು ಆ ಮನೆಯಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಇದ್ದು ನೋಡಿ. ಅಲ್ಲಿವರೆಗೆ ಒಂದು ಕಲ್ಲನ್ನೂ ಕೀಳಿಸಬೇಡಿ.

ಯಾಕೆ ಅಂತ ಮೇ ತಿಂಗಳ ಮಧ್ಯಾಹ್ನ ನಿಮಗೇ ಗೊತ್ತಾಗುತ್ತೆ. ಹೊರಗೆ ಕಾಲಿಟ್ಟರೆ ಮುಖ ಸುಡುವಂಥ ಬಿಸಿಲು, ಆರ್‌ಸಿಸಿ ಮನೆಯವರು ಫ್ಯಾನ್ ಕೆಳಗೆ ಕೂತರೂ ಬೆವರುತ್ತಿರುತ್ತಾರೆ, ನಿಮ್ಮ ಪಡಸಾಲೆಯಲ್ಲಿ ಮಾತ್ರ ಬರೀ ನೆಲದ ಮೇಲೆ ಮಲಗಿದರೆ ನಿದ್ದೆ ಹತ್ತುತ್ತೆ. ಮೊಳದುದ್ದಕ್ಕೂ ಜಾಸ್ತಿ ದಪ್ಪದ ಗೋಡೆ, ಮೇಲೆ ತೊಲೆ-ಜಂತಿ, ಅದರ ಮೇಲೆ ಮಣ್ಣು. ಬಿಸಿಲಿನ ಕಾವು ಒಳಗೆ ಇಳಿಯುವಷ್ಟರಲ್ಲಿ ಸಂಜೆ ಆಗಿರುತ್ತೆ. ಬೆಳಕಿಂಡಿ ಮುಚ್ಚಿಸಿದ್ದರೆ ಮೊದಲು ಅದನ್ನು ತೆಗೆಸಿ. ಬಿಸಿ ಗಾಳಿ ಹೊರಗೆ ಹೋಗೋದೇ ಅದರಿಂದ.

ಮಳೆಗಾಲದ ಮಾತು ಬೇರೆ. ಮಾಳಿಗೆ ನೋಡಿಕೊಳ್ಳದಿದ್ದರೆ ಸೋರುತ್ತೆ, ಇದನ್ನು ಮುಚ್ಚಿಡಲ್ಲ. ಮುಂಗಾರು ಬರೋ ಮುಂಚೆ ಮೇಲೆ ಹತ್ತಿ ಹುಲ್ಲು ಕಿತ್ತು, ಕರಲು ಮಣ್ಣು ಹಾಕಿಸಿ, ನೀರು ಹರಿಯೋ ಹಾದಿ ಬಿಡಿಸಬೇಕು. ಈ ಕೆಲಸ ಬಲ್ಲ ಹಿರಿಯರು ಓಣಿಯಲ್ಲಿ ಇನ್ನೂ ಸಿಗ್ತಾರೆ, ಕೇಳಿ. ಗೋಡೆ ಉದುರುತ್ತಿದೆ ಅಂತ ಯಾರಾದರೂ ಸಿಮೆಂಟ್ ಗಿಲಾವು ಮಾಡಿಸಿ ಅಂದರೆ ಖಂಡಿತ ಒಪ್ಪಬೇಡಿ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಹೋಗಲ್ಲ, ಗೋಡೆ ಒಳಗೊಳಗೇ ಕೊಳೆತು ಒಂದು ದಿನ ಹೊಟ್ಟೆ ಬಿಡುತ್ತೆ. ಸುಣ್ಣದ ಗಿಲಾವೇ ಸರಿ. ಹಾಗೇ ತೊಲೆಗಳಿಗೆ ಗೆದ್ದಲು ಹತ್ತಿದೆಯಾ ನೋಡಿಸಿ, ಹಳೇ ವೈರಿಂಗ್ ಪೂರ್ತಿ ಬದಲಿಸಿ. ಕಟ್ಟಿಗೆ ಜಂತಿ ಮೇಲೆ ಸವೆದ ವೈರು ಇರೋದು ದೊಡ್ಡ ಅಪಾಯ. ದುಡ್ಡು ಖರ್ಚು ಮಾಡೋದಿದ್ದರೆ ಮೊದಲು ಇದಕ್ಕೆ ಮಾಡಿ, ಆದರೆ ಕೆಲಸ ಹಿಡಿಯೋ ಮುಂಚೆ ಕಾನೂನು ತಿಳಿದಿರಬೇಕು.

ಆ ವಿಷಯಕ್ಕೆ ಬರ್ತೀನಿ, ಇದರಲ್ಲಿ ಜನ ಸುಮ್ನೆ ಹೆದರಿಸೋದು ಜಾಸ್ತಿ. ಜುಮ್ಮಾ ಮಸೀದಿ ಮೊದಲನೇ ಅಲಿ ಆದಿಲ್ ಶಾಹನ ಕಾಲದ್ದು, ಕೇಂದ್ರದ ರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ರಕ್ಷಣೆಯ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಸ್ಮಾರಕದ ರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಇದ್ದ ಮನೆ ಮೇಲೆ ಅಂತಸ್ತು ಏರಿಸೋದೂ ಹೊಸದು ಕಟ್ಟಿದ ಲೆಕ್ಕವೇ. ಆದರೆ 1992ರ ಜೂನ್ 16ಕ್ಕಿಂತ ಮುಂಚೆಯೇ ಇದ್ದ ಮನೆಯಾದರೆ ದುರಸ್ತಿಗೆ ಅನುಮತಿ ಕೇಳಬಹುದು. ನಿಮ್ಮ ಮಾವನವರ ಮನೆ ಅಷ್ಟು ಹಳೇದು ಅಂತ ತೋರಿಸೋಕೆ ಸಿಟಿ ಸರ್ವೆ ಉತಾರ (ಆಸ್ತಿ ದಾಖಲೆಯ ನಕಲು), ಹಳೇ ಮನೆಪಟ್ಟಿ ರಸೀದಿ ಹುಡುಕಿ ಇಟ್ಟುಕೊಳ್ಳಿ. ನಿಯಂತ್ರಿತ ಪ್ರದೇಶದಲ್ಲಾದರೆ ಕಟ್ಟಲೂಬಹುದು, ಅನುಮತಿ ಮಾತ್ರ ಬೇಕೇ ಬೇಕು. ಇನ್ನೊಂದು ಮಾತು, ನಿಮ್ಮೂರಲ್ಲಿ ಒಂದು ಸ್ಮಾರಕದಿಂದ ಅಳೆದರೆ ಸಾಲದು. ಮಸೀದಿಯಿಂದ ದೂರ ಆಯ್ತು ಅಂದುಕೊಂಡರೆ ಮೆಹತರ್ ಮಹಲ್ ಅನ್ನೋ ಇನ್ನೊಂದು ಸ್ಮಾರಕದ ಹತ್ತಿರ ಬಂದಿರುತ್ತೀರಿ, ಇಲ್ಲಾ ಹೆಸರೇ ಗೊತ್ತಿಲ್ಲದ ಸಣ್ಣ ಗುಮ್ಮಟವೊಂದು ಪಕ್ಕದಲ್ಲಿರುತ್ತೆ, ಅದೂ ಪಟ್ಟಿಯಲ್ಲಿರಬಹುದು. ಅನುಮತಿ ಇಲ್ಲದೆ ಕಟ್ಟಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ರಾತ್ರೋರಾತ್ರಿ ಸ್ಲ್ಯಾಬ್ ಹಾಕಿಸಿಕೊಡ್ತೀನಿ ಅನ್ನೋ ಗುತ್ತಿಗೆದಾರರನ್ನು ಹೊಸ್ತಿಲು ದಾಟಿಸಬೇಡಿ.

ನನ್ನನ್ನು ಕೇಳಿದರೆ ಅನುಮತಿ ಸಿಕ್ಕರೂ ಒಡೆಯಬೇಡಿ ಅಂತೀನಿ. 1686ರಲ್ಲಿ ಔರಂಗಜೇಬ ಗೆದ್ದ ಮೇಲೆ ಈ ಊರು ರಾಜಧಾನಿಯ ಸಡಗರ ಕಳೆದುಕೊಂಡು ಪಾಳು ಬಿದ್ದಿತ್ತು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹಳೇ ಅರಮನೆಗಳನ್ನೇ ರಿಪೇರಿ ಮಾಡಿ ಕಚೇರಿ ಮಾಡಿಕೊಂಡರು. ಇದ್ದದ್ದರಲ್ಲೇ ಇರೋದು ಈ ಊರಿಗೆ ಮೊದಲಿನಿಂದ ರೂಢಿ. ಗೋಲ್ ಗುಮ್ಮಟ ನೋಡಿಕೊಳ್ಳೋಕೆ ಸರ್ಕಾರ ಇದೆ. ನಿಮ್ಮ ಪಡಸಾಲೆ, ಕಂಬ, ಗೋಡೆಯ ಮಾಡ ನೋಡಿಕೊಳ್ಳೋಕೆ ನಿಮ್ಮನ್ನು ಬಿಟ್ಟು ಯಾರೂ ಇಲ್ಲ. ಅಂಥ ಮನೆಗಳು ಒಂದೊಂದಾಗಿ ಹೋಗ್ತಿರೋದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ.

ಇನ್ನು ದಿನದ ಕಷ್ಟಗಳು. ನೀರಿಗೆ ದೊಡ್ಡ ಟಾಕಿ ಬೇಕು, ನಲ್ಲಿ ನೀರು ಬರುವ ಹೊತ್ತಿಗೆ ಮನೆಯಲ್ಲಿ ಒಬ್ಬರು ಇರಬೇಕು. ಆದಿಲ್ ಶಾಹಿಗಳು ತೊರವಿ ಕಡೆಯಿಂದ ನೆಲದೊಳಗೆ ನೀರು ತಂದಿದ್ದು, 1620ರಲ್ಲಿ ತಾಜ್ ಬಾವಡಿ ಅನ್ನೋ ದೊಡ್ಡ ಬಾವಿ ಕಟ್ಟಿಸಿದ್ದು ಇದೇ ನೀರಿನ ಚಿಂತೆಗೆ. ಹಿತ್ತಲಲ್ಲಿ ಹಾಳು ಬಾವಿ ಇದ್ದರೆ ಮುಚ್ಚಿಸಬೇಡಿ, ಹೂಳು ತೆಗೆಸಿ. ಕಾರನ್ನು ದೊಡ್ಡ ರಸ್ತೆಯಲ್ಲಿ ಬಾಡಿಗೆ ಜಾಗ ಹಿಡಿದು ನಿಲ್ಲಿಸಿ. ಮನೆಯಲ್ಲಿ ನಡೆಯಲಾರದ ಹಿರಿಯರಿದ್ದರೆ ಆಟೋ ಎಲ್ಲಿವರೆಗೆ ಬರುತ್ತೆ, ಅಲ್ಲಿಂದ ಎಷ್ಟು ದೂರ ಎತ್ತಿಕೊಂಡು ಬರಬೇಕು ಅನ್ನೋದನ್ನು ನಡೆದೇ ನೋಡಿ. ಅದೊಂದು ಸಾಧ್ಯವೇ ಇಲ್ಲ ಅನಿಸಿದರೆ ಮಾತ್ರ ಲೇಔಟ್ ಕಡೆ ಹೋಗಿ, ಅದರಲ್ಲಿ ತಪ್ಪಿಲ್ಲ. ಆಗಲೂ ಈ ಮನೆ ಮಾರಬೇಡಿ, ಬಾಡಿಗೆಗೆ ಕೊಡಿ. ಬೀಗ ಹಾಕಿ ಬಿಟ್ಟ ಮಣ್ಣಿನ ಮನೆ ಬಹಳ ಬೇಗ ಕುಸಿಯುತ್ತೆ.

ಪ್ರಶ್ನೆ: ನಾನು ಖಾಸಗಿ ಕಚೇರಿಯಲ್ಲಿ ಕೆಲಸ ಮಾಡ್ತೀನಿ, ಮನೆಗೆ ಬರೋದು ರಾತ್ರಿ ಒಂಬತ್ತಾಗುತ್ತೆ. ನಮ್ಮ ಓಣಿಯ ಕಟ್ಟೆ ಮೇಲೆ ಕೂತವರು ದಿನಾ ‘ಯಾಕವಾ, ತಡಾ ಆತು?’ ಅಂತ ಕೇಳ್ತಾರೆ. ಸಾಕಾಗಿ ಹೋಗಿದೆ. ಏನಂತ ಉತ್ತರ ಕೊಡಲಿ?
– ಹೆಸರು ಬೇಡ, ವಿಜಯಪುರ

ಉತ್ತರ: ತಂಗಿ, ಕೇಳುವವರು ಯಾರು ಅಂತ ಮೊದಲು ನೋಡು. ಚಿಕ್ಕಂದಿನಿಂದ ನಿನ್ನನ್ನು ಎತ್ತಿ ಆಡಿಸಿದ ಕಾಕಾ ಕೇಳಿದರೆ ‘ಡ್ಯೂಟಿ ಇತ್ತ್ರೀ ಕಾಕಾ’ ಅಂದು ಒಳಗೆ ಹೋಗು, ಅಷ್ಟು ಸಾಕು. ನೀನು ಬರದಿದ್ದ ದಿನ ಮೊದಲು ಹುಡುಕಿಕೊಂಡು ಬರೋದೂ ಅವರೇ. ಅದೇ ಮಾತನ್ನು ನಿನ್ನ ಅವ್ವನ ಕಿವಿಗೆ ಬೇರೆ ಥರ ಮುಟ್ಟಿಸುವವರಿದ್ದರೆ ಅವರ ಮುಂದೆ ನಿಂತು ‘ನನ್ನ ಕೆಲಸದ ಹೊತ್ತು ನಮ್ಮ ಮನೆಯವರಿಗೆ ಗೊತ್ತೈತಿ’ ಅಂತ ನೇರವಾಗಿ ಹೇಳು. ದನಿ ಏರಿಸೋದು ಬೇಡ, ತಲೆ ತಗ್ಗಿಸೋದೂ ಬೇಡ. ಓಣಿ ತಿರುವಿನಲ್ಲಿ ದೀಪ ಇಲ್ಲದಿದ್ದರೆ ಕಟ್ಟೆ ಮೇಲಿನ ಅದೇ ಹಿರಿಯರಿಂದ ಸಹಿ ಹಾಕಿಸಿ ಮಹಾನಗರ ಪಾಲಿಕೆಗೆ ಒಂದು ಅರ್ಜಿ ಕೊಡು.